ಎರಡಾಣೆಯ ಬಂಡವಾಳ: ಟಿ.ಎಂ.ಎ. ಪೈ ಕಟ್ಟಿದ್ದು ಯಾರ ದುಡ್ಡಿನಿಂದ?

ಶಾಂತಿಗ್ರಾಮ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ಹಾಸನದ ಈ ಭಾಗದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರಿಗೆ ಪಿಗ್ಮಿ ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ. ದಿನಾ ಬಾಗಿಲಿಗೆ ಬರುವ ಏಜೆಂಟ್ ಕೈಗೆ ಐವತ್ತೋ ನೂರೋ ಕೊಟ್ಟು ಬರೆಸಿಕೊಳ್ಳೋದು, ಗಂಟಾದ ಮೇಲೆ ಹಬ್ಬಕ್ಕೆ ಸರಕು ತರೋದು ಅಥವಾ ಮಕ್ಕಳ ಫೀಸು ಕಟ್ಟೋದು. ದಿನಕ್ಕೆ ನೂರು ಅಂದ್ರೆ ವರ್ಷಕ್ಕೆ 36,500 ರೂಪಾಯಿ. ಈ ಲೆಕ್ಕ ಅವರಿಗೆ ಬಾಯಿಪಾಠ.

ಆದರೆ ಈ ಪದ್ಧತಿ ಘಟ್ಟದ ಕೆಳಗಿನಿಂದ ಹತ್ತಿ ಬಂದದ್ದು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರುವಾಯಿತು. ಅದನ್ನು ಶುರು ಮಾಡಿದ ಬ್ಯಾಂಕನ್ನು ಕಟ್ಟಿದವರಲ್ಲಿ ಮುಖ್ಯರಾದವರು ಬ್ಯಾಂಕಿಂಗ್ ಓದಿದವರಲ್ಲ, ಒಬ್ಬ ಡಾಕ್ಟರು: ತೋನ್ಸೆ ಮಾಧವ ಅನಂತ ಪೈ.

ಪೈ ಬಗ್ಗೆ ನಾವು ಕೇಳೋದು ಸಾಮಾನ್ಯವಾಗಿ ಎರಡೇ ಥರದ ಮಾತು. ಒಂದು, ಬರಡು ಗುಡ್ಡದ ಮೇಲೆ ಮಣಿಪಾಲ ಕಟ್ಟಿದ ಮಹಾಪುರುಷ. ಇನ್ನೊಂದು, ದುಡ್ಡಿದ್ದವರಿಗೆ ಮೆಡಿಕಲ್ ಸೀಟಿನ ದಾರಿ ತೋರಿಸಿದವರು. ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಬಿಟ್ಟುಬಿಡ್ತಾರೆ. ಸ್ವಂತ ವ್ಯಾಪಾರಕ್ಕೆ ಇಳಿಯೋ ಯಾರೇ ಆದ್ರೂ ಮೊದಲು ಕೇಳಬೇಕಾದ ಪ್ರಶ್ನೆ ಅದು: ಬಂಡವಾಳ ಎಲ್ಲಿಂದ ಬಂತು?

ಎಂಟು ಸಾವಿರದ ಬ್ಯಾಂಕು

ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದರು. ಕರಾವಳಿಯ ಕೈಮಗ್ಗ ನೆಲಕಚ್ಚಿದ್ದ ಕಾಲ. ನೇಕಾರನ ಹತ್ತಿರ ಮಗ್ಗ ಇತ್ತು, ಕಸುಬು ಇತ್ತು. ನೂಲು ಕೊಳ್ಳೋಕೆ, ಬಟ್ಟೆ ಮಾರಾಟವಾಗುವವರೆಗೆ ಮನೆ ನಡೆಸೋಕೆ ಕೈಯಲ್ಲಿ ಕಾಸು ಇರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವರ್ಕಿಂಗ್ ಕ್ಯಾಪಿಟಲ್ ಸಮಸ್ಯೆ. ನಷ್ಟಕ್ಕಿಂತ ಮೊದಲು ಸಣ್ಣ ವ್ಯಾಪಾರವನ್ನು ಮುಗಿಸೋದು ಹೆಚ್ಚಾಗಿ ಇದೇ. ಲಾಭ ಪುಸ್ತಕದಲ್ಲಿ ಇರುತ್ತೆ, ಗಲ್ಲಾಪೆಟ್ಟಿಗೆ ಖಾಲಿ ಇರುತ್ತೆ.

1925ರಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ಡಾಕ್ಟರ್ ಪೈ. ಬಂಡವಾಳ 8,000 ರೂಪಾಯಿ. ಇಷ್ಟರಲ್ಲಿ ಎಷ್ಟು ಜನಕ್ಕೆ ಸಾಲ ಕೊಡೋಕೆ ಆಗುತ್ತೆ? ಹಾಗಾಗಿ ಮೂರು ವರ್ಷದ ನಂತರ ಪಿಗ್ಮಿ ಬಂತು. ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತರುತ್ತಿದ್ದ. ರೂಪಾಯಿಗೆ ಹದಿನಾರಾಣೆ, ಅಂದ್ರೆ ಒಂದು ರೂಪಾಯಿ ಆಗೋಕೆ ಎಂಟು ದಿನ. ವರ್ಷಕ್ಕೆ ಸುಮಾರು 45 ರೂಪಾಯಿ. ಒಬ್ಬರದ್ದು ಏನೂ ಅಲ್ಲ. ಸಾವಿರ ಜನರದ್ದು ಸೇರಿದರೆ 45,000.

ಇಲ್ಲಿನ ಜಾಣತನ ಸರಳವಾದದ್ದು. ದಿನಗೂಲಿಯವರಿಗೂ ಬೀದಿ ವ್ಯಾಪಾರಿಗೂ ದುಡ್ಡು ಬರೋದು ದಿನದ ಲೆಕ್ಕದಲ್ಲಿ. ತಿಂಗಳ ಕೊನೆಗೆ ಉಳಿಸಿ ಅಂದರೆ ಅವರ ಹತ್ತಿರ ಏನೂ ಉಳಿದಿರೋದಿಲ್ಲ. ಆದಾಯ ಯಾವ ತಾಳದಲ್ಲಿ ಬರುತ್ತೋ ಅದೇ ತಾಳದಲ್ಲಿ ಉಳಿತಾಯ ನಡೆದರೆ ಬಡವರೂ ಉಳಿಸ್ತಾರೆ. ದಿನದ ವ್ಯಾಪಾರ ನಂಬಿ ತಿಂಗಳ ಇಎಂಐ ಹೊತ್ತುಕೊಂಡು ಒದ್ದಾಡುವ ಇವತ್ತಿನ ಹುಡುಗರಿಗೂ ಈ ಪಾಠ ಬೇಕು.

ಹೆಸರು ಬ್ಯಾಂಕಿನದು, ಕಾಲು ಏಜೆಂಟರದು

ಆ ಎರಡಾಣೆಗಳನ್ನು ಬಿಸಿಲು ಮಳೆಯಲ್ಲಿ ನಡೆದು ತಂದವರು ಯಾರು? ಕಮಿಷನ್ ಏಜೆಂಟರು. ಬ್ಯಾಂಕಿನ ಹೆಸರು ಹೊತ್ತು ತಿರುಗಿದರು, ಬ್ಯಾಂಕಿನ ಸಂಬಳಪಟ್ಟಿಯಲ್ಲಿ ಇರಲಿಲ್ಲ. ಜನ ನಂಬಿದ್ದು ಕಟ್ಟಡವನ್ನಲ್ಲ, ದಿನಾ ಬರೋ ಆ ಮುಖವನ್ನು. ಏಜೆಂಟರು ನಾವೂ ಕಾರ್ಮಿಕರು ಅಂತ ಹಕ್ಕು ಕೇಳಿದಾಗ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ 2001ರಲ್ಲಿ ತೀರ್ಪು ಬಂತು. ಠೇವಣಿ ಸಂಗ್ರಹಿಸುವವರು ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರೇ ಎಂದು ನ್ಯಾಯಾಲಯ ಒಪ್ಪಿತು. ಪಿಗ್ಮಿ ಹುಟ್ಟಿ ಆಗಲೇ 73 ವರ್ಷ ಆಗಿತ್ತು.

ಇದು ಹಳೇ ಕತೆ ಅಂದ್ಕೋಬೇಡಿ. ಫುಡ್ ಡೆಲಿವರಿ ಹುಡುಗರನ್ನು ಕಂಪನಿಗಳು ಪಾರ್ಟ್‌ನರ್ ಅನ್ನೋದರ ಹಿಂದಿರುವುದೂ ಇದೇ ತರ್ಕ. ಹೆದ್ದಾರಿ ಬದಿಯಲ್ಲಿ ಫ್ರಾಂಚೈಸಿ ಟೀ ಅಂಗಡಿ ಹಾಕೋಣ ಅನ್ನೋರೂ ಇದನ್ನು ತೂಗಿ ನೋಡಬೇಕು. ಬೋರ್ಡಿನ ಮೇಲಿನ ಹೆಸರು ಅವರದ್ದು. ಮುಂಗಡ ಶುಲ್ಕ, ಬಾಡಿಗೆ, ಕೆಲಸದವರ ಸಂಬಳ ನಿಮ್ಮದು. ರಾಯಲ್ಟಿಯನ್ನು ಮಾರಾಟದ ಮೇಲೆ ಲೆಕ್ಕ ಹಾಕಿದ್ದರೆ, ನಿಮಗೆ ನಷ್ಟವಾದ ತಿಂಗಳೂ ಅವರಿಗೆ ಪಾಲು ಹೋಗುತ್ತೆ. ಸಹಿ ಹಾಕೋ ಮೊದಲು ನೋಡಬೇಕಾದ್ದು ಬ್ರ್ಯಾಂಡ್ ಎಷ್ಟು ದೊಡ್ಡದು ಅಂತಲ್ಲ, ನಷ್ಟ ಯಾರ ತಲೆ ಮೇಲೆ ಅಂತ.

ಗುಡ್ಡದ ಮೇಲಿನ ಕಾಲೇಜು

ಬ್ಯಾಂಕಿನಲ್ಲಿ ಕಲಿತ ಸೂತ್ರವನ್ನೇ ಪೈ ಶಿಕ್ಷಣಕ್ಕೂ ತಂದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ಮೆಡಿಕಲ್ ಕಾಲೇಜಿಗೆ ಹಣ ಬಂದದ್ದು ವಿದ್ಯಾರ್ಥಿಗಳ ಮನೆಯವರಿಂದ. ರೋಗಿಗಳ ನಡುವಿನ ಕಲಿಕೆಗೆ ಆಸರೆಯಾದದ್ದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ. ಖಾಸಗಿ ಸಾಹಸ ಅಂತ ಹೊಗಳುವಾಗ ಈ ಸಾರ್ವಜನಿಕ ಆಸ್ತಿಯ ಪಾಲನ್ನೂ ಲೆಕ್ಕದಲ್ಲಿ ಬರೀಬೇಕಲ್ವಾ?

ಇಲ್ಲೊಂದು ದೊಡ್ಡ ವ್ಯತ್ಯಾಸವೂ ಇದೆ. ಪಿಗ್ಮಿ ಬಾಗಿಲು ತೆರೆದದ್ದು ಎರಡಾಣೆ ಇದ್ದವರಿಗೆ. ಶುಲ್ಕದಿಂದಲೇ ನಡೆಯುವ ಕಾಲೇಜಿನ ಬಾಗಿಲು ತೆರೆಯೋದು ಶುಲ್ಕ ಕಟ್ಟೋಕೆ ತಾಕತ್ತಿದ್ದವರಿಗೆ. ಸರ್ಕಾರ ಕೊಡದ ಸೀಟುಗಳು ಹುಟ್ಟಿದವು ಅನ್ನೋದು ನಿಜ, ಅವು ಎಲ್ಲರಿಗೂ ಎಟುಕಲಿಲ್ಲ ಅನ್ನೋದೂ ಅಷ್ಟೇ ನಿಜ. 1979ರಲ್ಲಿ ಪೈ ತೀರಿಕೊಂಡರು. ಐದು ವರ್ಷದ ನಂತರ ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದಿತು. 2002ರಲ್ಲಿ ಅವರದೇ ಹೆಸರಿನ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಶಿಕ್ಷಣ ಸಂಸ್ಥೆ ನಡೆಸೋದು ಸಂವಿಧಾನದ 19(1)(ಜಿ) ವಿಧಿಯಡಿ ಒಂದು ವೃತ್ತಿ ಎಂದಿತು, ಲಾಭಕೋರತನ ಸಲ್ಲದು ಎಂದೂ ಹೇಳಿತು. ಆ ಗೆರೆ ಎಲ್ಲಿ ಎಳೀಬೇಕು ಅಂತ ಇವತ್ತಿಗೂ ನಾವು ಕಿತ್ತಾಡ್ತಿದ್ದೇವೆ.

ಬಾಗಿಲಿಗೆ ಈಗ ಬರೋರು ಯಾರು?

ಸಿಂಡಿಕೇಟ್ ಬ್ಯಾಂಕ್ 1969ರ ಜುಲೈ 19ರಂದು ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಕರಗಿತು. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ ಸೇರಿದವು. ಕರಾವಳಿಯ ಜನರ ಚಿಲ್ಲರೆ ಕಾಸಿನಿಂದ ಬೆಳೆದ ಬ್ಯಾಂಕುಗಳ ಹೆಸರುಗಳು ಒಂದೊಂದಾಗಿ ಅಳಿದವು. ನೂರು ರೂಪಾಯಿ ಕಟ್ಟೋ ಅಂಗಡಿಯವರು ಈಗ ಹೆಚ್ಚಾಗಿ ಪತ್ತಿನ ಸಹಕಾರ ಸಂಘದ ಏಜೆಂಟರ ಕೈಗೆ ಕೊಡ್ತಾರೆ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಆ ಸಂಘಗಳ ಠೇವಣಿಗೆ ಇಲ್ಲ. ಪಿಗ್ಮಿ ಕಟ್ಟೋ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ಇನ್ನೊಂದು ಬದಲಾವಣೆ ಇದಕ್ಕಿಂತ ಗಂಭೀರ. ಪೈ ಕಾಲದಲ್ಲಿ ಬಾಗಿಲಿಗೆ ಬಂದ ಏಜೆಂಟ್ ಉಳಿತಾಯ ಕೇಳ್ತಿದ್ದ. ಈಗ ಅದೇ ಬಾಗಿಲಿಗೆ ಮೈಕ್ರೋಫೈನಾನ್ಸ್ ಏಜೆಂಟ್ ವಾರದ ಕಂತು ವಸೂಲಿಗೆ ಬರ್ತಾನೆ. ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮೊದಲು ಉಳಿಸಿ, ಆ ನಂಬಿಕೆಯ ಮೇಲೆ ಸಾಲ ಪಡೆಯುತ್ತಿದ್ದ ಕ್ರಮ ತಲೆಕೆಳಗಾಗಿದೆ. ಮೊದಲು ಸಾಲ, ಆಮೇಲೆ ಭಯ.

ಸ್ವಂತ ಉದ್ಯಮ ಮಾಡಿ ಅಂತ ಯುವಜನರಿಗೆ ಭಾಷಣ ಮಾಡೋ ನಾಯಕರನ್ನು ಅದಕ್ಕೇ ಕೇಳಬೇಕು: ನಮ್ಮ ತಾಲ್ಲೂಕಿನವರ ಉಳಿತಾಯದಲ್ಲಿ ಎಷ್ಟು ಭಾಗ ನಮ್ಮ ತಾಲ್ಲೂಕಿನ ಅಂಗಡಿ, ಮಗ್ಗ, ಹಿಟ್ಟಿನ ಗಿರಣಿಗೆ ಸಾಲವಾಗಿ ವಾಪಸ್ ಬರ್ತಿದೆ? 8,000 ರೂಪಾಯಿಯ ಬ್ಯಾಂಕೊಂದು ನೇಕಾರರಿಗಾಗಿ ಆ ಲೆಕ್ಕ ಹಾಕಿತ್ತು. ಲಕ್ಷಾಂತರ ಕೋಟಿಯ ಬ್ಯಾಂಕುಗಳಿಗೆ ಅದು ಕಷ್ಟವಾಗಬಾರದು.