ಪಾಲ್ವಂಕರ್ ಬಾಲು: ತಂಡದ ಆಟಕ್ಕೆ ಮುಡಿಪಾದ ಜೀವನ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಯುವಕ-ಯುವತಿ ಸಂಘಗಳು ಹಾಗೂ ಗುಂಪು ಆಟಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಕಬಡ್ಡಿ, ಖೋ-ಖೋ, ವಾಲಿಬಾಲ್ ಮುಂತಾದ ಗುಂಪು ಆಟಗಳಿಗೆ ಹೆಸರು ನೋಂದಾಯಿಸುವಾಗ ಅರ್ಜಿಯೊಂದಿಗೆ ಆಟಗಾರರ ಪಟ್ಟಿಯನ್ನು ಲಗತ್ತಿಸುವುದು ವಾಡಿಕೆ. ಪಟ್ಟಿಯನ್ನು ಬರೆಯಲು ಕೆಲವು ನಿಮಿಷಗಳು ಸಾಕು. ಆದರೆ ಅದರಲ್ಲಿ ಯಾರ ಹೆಸರು ಇರಬೇಕು ಮತ್ತು ಯಾವ ಕಾರಣಕ್ಕಾಗಿ ಇರಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಆಟದ ಬಗ್ಗೆ ಪ್ರೀತಿ, ಬಿಡದ ಅಭ್ಯಾಸ ಮತ್ತು ತಂಡದ ಹಿತವನ್ನು ಮುಂದಿಡುವ ಮನೋಭಾವ, ಈ ಮೂರೂ ಇದ್ದ ಒಬ್ಬ ಆಟಗಾರನನ್ನು ಪಟ್ಟಿಗೆ ಸೇರಿಸಲು ಒಂದು ಕಾಲದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆತನೇ ಧಾರವಾಡದಲ್ಲಿ ಜನಿಸಿ, ಭಾರತದ ಮೊದಲ ಶ್ರೇಷ್ಠ ಬೌಲರ್ ಎಂದು ಹೆಸರಾದ ಪಾಲ್ವಂಕರ್ ಬಾಲು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಬಾಲು ಅವರು 1875-76ರ ಸುಮಾರಿಗೆ ಧಾರವಾಡದಲ್ಲಿ ಜನಿಸಿದರು. ಅವರ ಕುಟುಂಬದ ಮೂಲ ಕೊಂಕಣ ತೀರದ ಪಾಲ್ವಣ ಗ್ರಾಮವಾಗಿದ್ದು, ಪಾಲ್ವಂಕರ್ ಎಂಬ ಹೆಸರು ಅದರಿಂದಲೇ ಬಂದುದಾಗಿದೆ. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಹೊಂದಿದ್ದ ಈ ಸಮುದಾಯವನ್ನು ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿತ್ತು. ತಂದೆಯವರು ಪುಣೆಯಲ್ಲಿ ಸೈನ್ಯಕ್ಕೆ ಸಂಬಂಧಿಸಿದ ನೌಕರಿಯಲ್ಲಿದ್ದ ಕಾರಣ ಮಕ್ಕಳು ಬೆಳೆದುದು ಅಲ್ಲಿಯೇ. ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಿಂದಲೇ ಬಾಲು ಮತ್ತು ಅವರ ತಮ್ಮ ಶಿವರಾಮ್ ಕ್ರಿಕೆಟ್ ಕಲಿತರು.

ಮೂರು ರೂಪಾಯಿ ಸಂಬಳ

ಬಾಲು ಅವರಿಗೆ ದೊರೆತ ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ. ಮೈದಾನವನ್ನು ಗುಡಿಸುವುದು ಮತ್ತು ಪಿಚ್ಚಿನ ಮೇಲೆ ರೋಲರ್ ಎಳೆಯುವುದು ಅವರ ಕರ್ತವ್ಯವಾಗಿತ್ತು. ತಿಂಗಳ ಸಂಬಳ 3 ರೂಪಾಯಿ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬನ್ನು ಸೇರಿದರು. ಅಲ್ಲಿ ಸಂಬಳ 4 ರೂಪಾಯಿಗೆ ಏರಿತು. ಪಿಚ್ ಸಿದ್ಧಪಡಿಸುವುದು, ಅಭ್ಯಾಸದ ಬಲೆ ಕಟ್ಟುವುದು, ಟೆನಿಸ್ ಅಂಕಣಕ್ಕೆ ಗೆರೆ ಹಾಕುವುದು ಮುಂತಾದ ಕೆಲಸಗಳ ನಡುವೆ ಕ್ಲಬ್ಬಿನ ಸದಸ್ಯರಿಗೆ ಬೌಲಿಂಗ್ ಮಾಡುವ ಅವಕಾಶವೂ ದೊರೆಯಿತು. ಎಡಗೈಯ ನಿಧಾನಗತಿಯ ಸ್ಪಿನ್ ಬೌಲಿಂಗ್ ಅವರಿಗೆ ಒಲಿಯಿತು.

ಅಂದಿನ ಪ್ರಸಿದ್ಧ ಬ್ಯಾಟ್ಸ್‌ಮನ್ ಜೆ. ಜಿ. ಗ್ರೇಗ್ ಅವರು ಇತರರಿಗಿಂತ ಮುಂಚಿತವಾಗಿ ಮೈದಾನಕ್ಕೆ ಬಂದು ಬಾಲು ಅವರ ಬೌಲಿಂಗಿಗೆ ಅಭ್ಯಾಸ ಮಾಡುತ್ತಿದ್ದರು. ಗ್ರೇಗ್ ಅವರನ್ನು ಔಟ್ ಮಾಡಿದಾಗಲೆಲ್ಲ ಬಾಲು ಅವರಿಗೆ ಎಂಟಾಣೆ ದೊರೆಯುತ್ತಿತ್ತು ಎಂಬ ಪ್ರತೀತಿಯೂ ಇದೆ. ದಿನಗಟ್ಟಲೆ, ತಿಂಗಳುಗಟ್ಟಲೆ ಈ ಅಭ್ಯಾಸ ನಡೆಯಿತು. ಆದರೆ ಆ ಕ್ಲಬ್ಬಿನಲ್ಲಿ ಬಾಲು ಅವರ ಕೈಗೆ ಯಾರೂ ಬ್ಯಾಟನ್ನು ಕೊಡಲಿಲ್ಲ. ಬ್ಯಾಟಿಂಗ್ ಎಂಬುದು ಕ್ಲಬ್ಬಿನ ಸದಸ್ಯರಿಗೆ ಮೀಸಲಾಗಿತ್ತು. ತನಗೆ ದೊರೆತ ಅರ್ಧ ಆಟವನ್ನೇ ಅವರು ಪರಿಪೂರ್ಣಗೊಳಿಸಿಕೊಂಡರು.

ತಂಡದಲ್ಲಿ ಸ್ಥಾನ

ಯುರೋಪಿಯನ್ನರ ವಿರುದ್ಧ ಆಡುತ್ತಿದ್ದ ಪುಣೆಯ ಹಿಂದೂ ಕ್ಲಬ್ಬಿಗೆ ಉತ್ತಮ ಬೌಲರನ ಅಗತ್ಯವಿತ್ತು. ಬಾಲು ಅವರ ಸಾಮರ್ಥ್ಯದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದುದು ಅವರ ಜಾತಿಯ ಬಗ್ಗೆ. ಕ್ಲಬ್ಬಿನಲ್ಲಿ ಪರ ವಿರೋಧದ ಅಭಿಪ್ರಾಯಗಳು ಮೂಡಿ, ಕೊನೆಗೆ ಗೆಲ್ಲುವ ಆಸೆ ಮೇಲುಗೈ ಪಡೆಯಿತು. ಬಾಲು ತಂಡವನ್ನು ಸೇರಿದರು.

ಮೈದಾನದ ಒಳಗೆ ಎಲ್ಲರೂ ಮುಟ್ಟುವ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಆದರೆ ವಿರಾಮದ ವೇಳೆಯಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೆ ಬೇರೆಯೇ ಮೇಜು. ಅವರು ಉರುಳಿಸಿದ ವಿಕೆಟ್ಟುಗಳನ್ನು ತಂಡದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದವರೇ ಅವರನ್ನು ತಂಡದ ಪಂಕ್ತಿಗೆ ಸೇರಿಸಿಕೊಳ್ಳಲಿಲ್ಲ. ಸಾತಾರಾದ ಬಿಳಿಯರ ಕ್ಲಬ್ಬಿನ ವಿರುದ್ಧ ಬಾಲು ಅವರ ಬೌಲಿಂಗಿನಿಂದ ಗೆಲುವು ದೊರೆತ ನಂತರ ಪುಣೆಯಲ್ಲಿ ಅವರಿಗೆ ಸಾರ್ವಜನಿಕ ಸನ್ಮಾನ ನಡೆಯಿತು. ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರು, ಜೊತೆಯಲ್ಲಿ ಆಡಬಹುದಾದವನ ಜೊತೆಯಲ್ಲಿ ಕುಳಿತು ಏಕೆ ಉಣ್ಣಬಾರದು ಎಂದು ಆಟಗಾರರನ್ನು ಪ್ರಶ್ನಿಸಿದರೆಂದು ತಿಳಿದುಬರುತ್ತದೆ.

1906ರ ಗೆಲುವು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾಲು ಮುಂಬಯಿಗೆ ತೆರಳಿ ಅಲ್ಲಿನ ಹಿಂದೂ ಜಿಮ್‌ಖಾನಾದ ಪರವಾಗಿ ಆಡತೊಡಗಿದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನ್ನರನ್ನು ಎದುರಿಸಿತು. ಹಿಂದೂ ತಂಡ 242 ಮತ್ತು 160 ರನ್ನುಗಳನ್ನು ಗಳಿಸಿದರೆ ಯುರೋಪಿಯನ್ನರು 191 ಮತ್ತು 102 ರನ್ನುಗಳಿಗೆ ಔಟಾದರು. ಗೆಲುವಿನ ಅಂತರ 109 ರನ್. ಬಾಲು ಅವರ ಬೌಲಿಂಗ್ ಈ ಗೆಲುವಿಗೆ ಮುಖ್ಯ ಕಾರಣವಾಯಿತು. ತಮ್ಮ ಶಿವರಾಮ್ ಸಹ ಇದೇ ತಂಡದಲ್ಲಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಈ ಪಂದ್ಯ ದೇಶದಾದ್ಯಂತ ಸುದ್ದಿಯಾಯಿತು. ಮರುವರ್ಷವೂ ಹಿಂದೂ ತಂಡವೇ ಗೆದ್ದಿತು.

ಇಂಗ್ಲೆಂಡ್ ಪ್ರವಾಸ

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿಗೆ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತಿತು. ಆದರೆ ಸೋಲುತ್ತಿದ್ದ ಆ ತಂಡದಲ್ಲಿಯೇ ಬಾಲು 114 ವಿಕೆಟ್ಟುಗಳನ್ನು ಪಡೆದರು. ಆಗ ಅವರ ವಯಸ್ಸು 35ನ್ನು ದಾಟಿತ್ತು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅವರು ಒಟ್ಟು 33 ಪಂದ್ಯಗಳನ್ನಾಡಿ 179 ವಿಕೆಟ್ಟುಗಳನ್ನು, ಪ್ರತಿ ವಿಕೆಟ್ಟಿಗೆ ಸರಾಸರಿ 15.21 ರನ್ನುಗಳ ವೆಚ್ಚದಲ್ಲಿ ಗಳಿಸಿದ್ದಾರೆ. ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಆ ವೇಳೆಗೆ ಬಾಲು ಅವರ ಆಟದ ದಿನಗಳು ಮುಗಿದಿದ್ದವು.

ನಾಯಕತ್ವದ ಪ್ರಶ್ನೆ

ತಂಡದಲ್ಲಿ ಅತ್ಯಂತ ಹಿರಿಯರೂ ಅನುಭವಿಯೂ ಆಗಿದ್ದ ಬಾಲು ಅವರಿಗೆ ನಾಯಕನ ಸ್ಥಾನ ದೊರೆಯಲಿಲ್ಲ. 1913ರಲ್ಲಿ ನಾಯಕರಾಗಿ ನೇಮಕಗೊಂಡ ಎಂ. ಡಿ. ಪೈ ಅವರು, ಈ ಗೌರವ ಬಾಲು ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿಯೇ ತಿಳಿಸಿದರು. 1920ರಲ್ಲಿ ಬಾಲು ಅವರನ್ನು ಮೊದಲ ಪಂದ್ಯದ ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಇಬ್ಬರೂ ತಂಡದಿಂದ ಹೊರಗುಳಿದು ತಮ್ಮ ಪ್ರತಿಭಟನೆಯನ್ನು ದಾಖಲಿಸಿದರು. ಮುಂದಿನ ಪಂದ್ಯದಲ್ಲಿ ಬಾಲು ಉಪನಾಯಕರಾಗಿ ಮರಳಿದರು, ತಮ್ಮಂದಿರೂ ಮರಳಿದರು. 1923ರಲ್ಲಿ ವಿಠ್ಠಲ್ ಅವರು ಹಿಂದೂ ತಂಡದ ನಾಯಕರಾದರು ಹಾಗೂ ಆ ವರ್ಷ ತಂಡ ಪ್ರಶಸ್ತಿಯನ್ನು ಪಡೆಯಿತು. ಅಣ್ಣನಿಗೆ ದೊರೆಯದ ಸ್ಥಾನ ತಮ್ಮನಿಗೆ ದೊರೆಯಲು ಹತ್ತು ವರ್ಷಗಳಿಗೂ ಮಿಕ್ಕಿದ ಸಹನೆ ಬೇಕಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕಾಗಿದೆ. ಸಿಗಬೇಕಾದ ಗೌರವ ಸಿಗಲಿಲ್ಲವೆಂದು ಬಾಲು ತಮ್ಮ ಬೌಲಿಂಗನ್ನು ಸಡಿಲಗೊಳಿಸಲಿಲ್ಲ. ಅನ್ಯಾಯವನ್ನು ಪ್ರಶ್ನಿಸುವಾಗ ತಮ್ಮಂದಿರು ಮೌನವಾಗಿಯೂ ಉಳಿಯಲಿಲ್ಲ. ಆಟದ ಮೇಲಿನ ಪ್ರೀತಿ ಮತ್ತು ಆತ್ಮಗೌರವ ಒಂದಕ್ಕೊಂದು ವಿರೋಧವಲ್ಲ ಎಂಬುದು ಈ ಸಹೋದರರ ನಡವಳಿಕೆಯಿಂದ ಸ್ಪಷ್ಟವಾಗುತ್ತದೆ.

ಸಾರ್ವಜನಿಕ ಜೀವನ ಮತ್ತು ನಿಧನ

ಆಟದಿಂದ ನಿವೃತ್ತರಾದ ನಂತರ ಬಾಲು ಸಾರ್ವಜನಿಕ ಜೀವನದಲ್ಲಿ ತೊಡಗಿದರು. 1932ರ ಸೆಪ್ಟೆಂಬರಿನ ಪೂನಾ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ. ಆರ್. ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಪರಾಭವಗೊಂಡರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

ಅಸ್ಪೃಶ್ಯತಾ (ಅಪರಾಧಗಳ) ಅಧಿನಿಯಮವು ಜಾರಿಗೆ ಬಂದುದು ಅದೇ ವರ್ಷದ ಜೂನ್ 1ರಂದು. ಸಾರ್ವಜನಿಕ ಹೋಟೆಲುಗಳಲ್ಲಿ ಇಟ್ಟಿರುವ ಲೋಟ, ಪಾತ್ರೆಗಳ ಬಳಕೆಯನ್ನು ಅಸ್ಪೃಶ್ಯತೆಯ ಕಾರಣದಿಂದ ನಿರಾಕರಿಸುವುದನ್ನು ಈ ಅಧಿನಿಯಮವು ದಂಡನೀಯ ಅಪರಾಧವನ್ನಾಗಿಸಿತು. ಮಣ್ಣಿನ ಲೋಟದಲ್ಲಿ ಚಹಾ ಕುಡಿದ ಆಟಗಾರ ಈ ಕಾನೂನಿನ ಆಶ್ರಯದಲ್ಲಿ ಬದುಕಿದ್ದು ಒಂದು ತಿಂಗಳು ಮೂರು ದಿನ ಮಾತ್ರ.

ನಮ್ಮ ತಾಲ್ಲೂಕುಗಳಲ್ಲಿ ಇದರ ಪ್ರಸ್ತುತತೆ

ಈ ಜೀವನದಿಂದ ಮಲೆನಾಡಿನ ತಂಡಗಳು ಎರಡು ಅಂಶಗಳನ್ನು ಅಳವಡಿಸಿಕೊಳ್ಳಬಹುದಾಗಿದೆ. ಮೊದಲನೆಯದು ಅಭ್ಯಾಸ. ಆಗುಂಬೆಯ ಮಳೆಯನ್ನು ಬಲ್ಲ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೈಗೆ ಸಿಗುವುದು ಅಪರೂಪ. ಉಳಿದ ತಿಂಗಳುಗಳಲ್ಲಿ ಅಡಿಕೆ ಕೊಯ್ಲು, ಗದ್ದೆ ಕೊಯ್ಲುಗಳ ಒತ್ತಡವಿರುತ್ತದೆ. ಆದುದರಿಂದ ಕ್ರೀಡಾಕೂಟದ ದಿನಾಂಕ ಪ್ರಕಟವಾದ ಮೇಲೆ ಅಭ್ಯಾಸ ಆರಂಭಿಸುವ ಪರಿಪಾಠ ಬೆಳೆದಿದೆ. ಬಾಲು ಅವರ ಮುಂದೆ ಯಾವ ದಿನಾಂಕವೂ ಇರಲಿಲ್ಲ, ತಂಡವೂ ಇರಲಿಲ್ಲ. ಅಭ್ಯಾಸವೊಂದೇ ಇತ್ತು.

ಎರಡನೆಯದು ಆಯ್ಕೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ಮುಖ್ಯ ದೂರು ಗೇಣಿ ಅಳೆಯುವ ಕೊಳಗದ ಬಗ್ಗೆ ಇತ್ತು. ಅಳತೆ ಎಲ್ಲರಿಗೂ ಒಂದೇ ಆಗಿರಬೇಕೆಂದು ನಾಡಿಗೆ ತಿಳಿಸಿಕೊಟ್ಟ ನೆಲವಿದು. ತಂಡದ ಆಯ್ಕೆಗೂ ಒಂದೇ ಕೊಳಗ ಸಾಕು, ಅದು ಆಟ. ಕೇರಿ, ಕುಲ, ಮನೆತನ ಹಾಗೂ ಕಪ್ಪಿನ ಖರ್ಚನ್ನು ಯಾರು ಕೊಟ್ಟರು ಎಂಬ ಪರಿಗಣನೆಗಳಿಗೆ ಅಲ್ಲಿ ಸ್ಥಾನವಿರಬಾರದು. ಆಯ್ಕೆಯಾದ ನಂತರ ನೀರಿನ ಕೊಡ, ಊಟದ ಪಂಕ್ತಿ ಮತ್ತು ಪ್ರಯಾಣದ ವಾಹನ ಎಲ್ಲರಿಗೂ ಒಂದೇ ಆಗಿರತಕ್ಕದ್ದು.

ತಂಡದ ಪಟ್ಟಿಯನ್ನು ಅರ್ಜಿಯೊಂದಿಗೆ ಸಲ್ಲಿಸುವ ಮುನ್ನ ಸಂಘದ ಪದಾಧಿಕಾರಿಗಳು ಅದನ್ನು ಮತ್ತೊಮ್ಮೆ ಓದಿ ನೋಡುವುದು ಸೂಕ್ತ. ರೋಲರ್ ಎಳೆಯುತ್ತಾ, ಬಲೆ ಕಟ್ಟುತ್ತಾ, ತನ್ನ ಸರದಿಗಾಗಿ ಗೆರೆಯ ಹೊರಗೆ ನಿಂತಿರುವ ಒಬ್ಬನ ಅಥವಾ ಒಬ್ಬಳ ಹೆಸರು ಬಿಟ್ಟುಹೋಗಿದ್ದಲ್ಲಿ, ಅದನ್ನು ಸೇರಿಸಲು ಆಗಲೂ ಅವಕಾಶವಿರುತ್ತದೆ.