ಕಿಂಡಿಯಲ್ಲಿ ಆಕಾಶ ಕಂಡ ಆಚಾರ್ಯರು

ಚೆನ್ನೈನ ನುಂಗಂಬಾಕ್ಕಂ ಹವಾಮಾನ ಕಚೇರಿಯ ಆವರಣದಲ್ಲಿ ಒಂದು ಕಲ್ಲಿನ ಕಂಬವಿದೆ. 1792ರಲ್ಲಿ ಕಟ್ಟಿದ ಮದ್ರಾಸ್ ವೀಕ್ಷಣಾಲಯದ ಕಂಬ ಅದು. ಚಿಂತಾಮಣಿ ರಘುನಾಥಾಚಾರ್ಯರು ಸುಮಾರು 40 ವರ್ಷ ದುಡಿದದ್ದು ಆ ವೀಕ್ಷಣಾಲಯದಲ್ಲಿ. ತೀರ ಕೆಳಗಿನ ಕೆಲಸಕ್ಕೆ ಸೇರಿದವರು, ಪಾಗ್ಸನ್ ಸಾಹೇಬರ ಕಾಲದಲ್ಲಿ ಮೊದಲನೇ ಸಹಾಯಕರಾದರು.

ಅವರು ಹೆಚ್ಚಾಗಿ ಕೂತದ್ದು ಮೆರಿಡಿಯನ್ ಸರ್ಕಲ್ ಎಂಬ ದೂರದರ್ಶಕದ ಮುಂದೆ. ಇದು ಎಲ್ಲ ಕಡೆ ತಿರುಗೋದಿಲ್ಲ. ಉತ್ತರ ದಕ್ಷಿಣದ ಗೆರೆಯಲ್ಲಿ ಮಾತ್ರ ಏಳುತ್ತೆ, ಇಳಿಯುತ್ತೆ. ನಕ್ಷತ್ರ ತಾನಾಗಿ ಬಂದು ಕಿಂಡಿಯೊಳಗಿನ ಸಣ್ಣ ಎಳೆಗಳನ್ನು ದಾಟುವ ಕ್ಷಣವನ್ನು ಬರೆದುಕೊಳ್ಳಬೇಕು. ಒಂದಾದ ಮೇಲೊಂದು, ಸಾವಿರಾರು ನಕ್ಷತ್ರ.

ದೂರದರ್ಶಕದ ಕಿಂಡಿ ಯಾಕೆ ಕಿರಿದು? ಲೆಕ್ಕ ಸುಲಭ. ಮುಂದಿನ ಮಸೂರದ ಸಂಗಮದೂರ 100 ಸೆಂಟಿಮೀಟರ್, ಕಣ್ಣಿನ ಬಳಿಯ ಮಸೂರದ್ದು 5 ಅನ್ನಿ. ಭಾಗಿಸಿದರೆ 20, ಅಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ. ಕಣ್ಣಿನ ಮಸೂರದ ಹರವು 40 ಡಿಗ್ರಿ ಇದ್ದರೆ ಆಕಾಶದ 2 ಡಿಗ್ರಿ ಒಳಗೆ ಬರುತ್ತೆ. ಸೂರ್ಯ ಅರ್ಧ ಡಿಗ್ರಿಯವನು, ಆರಾಮವಾಗಿ ಹಿಡಿಸ್ತಾನೆ. ಈಗ ಅಷ್ಟೇ ಹರವಿನ 1 ಸೆಂಟಿಮೀಟರಿನ ಮಸೂರ ಹಾಕಿ. ಅದರ ಸಾಮರ್ಥ್ಯ 20 ಡಯಾಪ್ಟರಿನಿಂದ 100ಕ್ಕೆ ಏರಿತು, ನೋಟವೂ 100 ಪಟ್ಟಾಯಿತು. ಆದರೆ ದೃಷ್ಟಿಕ್ಷೇತ್ರ 0.4 ಡಿಗ್ರಿಗೆ ಇಳಿದು, ಸೂರ್ಯ ಪೂರ್ತಿ ಹಿಡಿಸೋದೇ ಇಲ್ಲ! ನಮ್ಮ ಜಮಾ ಖರ್ಚಿನ ಪುಸ್ತಕದ ಹಾಗೆಯೇ: ಈ ಕಡೆ ಬಂದದ್ದು ಆ ಕಡೆ ಹೋಗಲೇಬೇಕು.

ಆ ಕಿರಿದಾದ ನೋಟಕ್ಕೆ ಫಲ ಸಿಕ್ಕಿತು. 1867ರಲ್ಲಿ ಆಚಾರ್ಯರು ಬೆಳಕು ಹೆಚ್ಚುಕಡಿಮೆಯಾಗುವ ಒಂದು ನಕ್ಷತ್ರವನ್ನು ಗುರುತಿಸಿದರು. ಅದೇ ಆರ್ ರೆಟಿಕ್ಯುಲೈ. ನಮ್ಮೂರಲ್ಲಿ ದಕ್ಷಿಣ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೇಳುವ ನಕ್ಷತ್ರ. ವಿಚಿತ್ರ ನೋಡಿ, ಅದು ಸೇರಿರುವ ಪುಂಜಕ್ಕೆ ಹೆಸರು ಬಂದದ್ದೇ ದೂರದರ್ಶಕದ ಕಿಂಡಿಯೊಳಗಿನ ಎಳೆಗಳಿಂದ. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು.

ಇಷ್ಟಕ್ಕೇ ನಿಂತಿದ್ದರೆ ಅವರು ಒಳ್ಳೆಯ ನೌಕರರು ಮಾತ್ರ ಆಗಿರುತ್ತಿದ್ದರು. ಆದರೆ ಅವರು ಕಿಂಡಿಯಿಂದ ತಲೆ ಎತ್ತಿ ಜನರನ್ನೂ ನೋಡಿದರು. ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲವೆಂದು ಕಂಡು, ಕಣ್ಣಿಗೆ ಕಂಡದ್ದಕ್ಕೆ ತಾಳೆಯಾಗುವ ದೃಗ್ಗಣಿತ ಪಂಚಾಂಗ ತಂದರು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಂದೆ ಹಾಯುವುದಿತ್ತು. ಅದನ್ನು ತಿಳಿಸಲು ಬರೆದ ಪುಸ್ತಿಕೆ ಇಂಗ್ಲಿಷಿನಲ್ಲಷ್ಟೇ ಅಲ್ಲ, ಉರ್ದು, ಕನ್ನಡಗಳಲ್ಲೂ ಬಂತು. ಕನ್ನಡದ್ದರ ಹೆಸರು ಶುಕ್ರಗ್ರಸ್ತ ಸೂರ್ಯಗ್ರಹಣ. ಸಿದ್ಧಾಂತಿ ಮತ್ತು ಪಂಡಿತರ ಸಂಭಾಷಣೆಯ ರೂಪದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ.

1880ರ ಫೆಬ್ರವರಿ 5ರಂದು ಅವರು ತೀರಿಕೊಂಡರು. 1899ರಲ್ಲಿ ಖಗೋಳದ ಕೆಲಸವೆಲ್ಲ ಕೊಡೈಕೆನಾಲಿಗೆ ಹೋಯಿತು. ಮದ್ರಾಸಿನಲ್ಲಿ ಕೂತು ಕನ್ನಡದವರಿಗೆ ಆಕಾಶ ತೋರಿಸಿದ ಈ ಆಚಾರ್ಯರ ಹೆಸರು, ಇದೇ ಊರಲ್ಲಿ ಓದುವ ನಮಗೆ ಎಷ್ಟು ಜನಕ್ಕೆ ಗೊತ್ತು? ಒಂದೊಂದು ವಿಷಯವನ್ನೇ ಹಿಡಿದು ಓದುವ ನಾವೂ ಒಮ್ಮೊಮ್ಮೆ ಕಿಂಡಿಯಿಂದ ತಲೆ ಎತ್ತಬೇಕು.