ಕಬ್ಬಿಣವನ್ನು ಒಲಿಸಿಕೊಂಡ ಲಕ್ಷ್ಮಣರಾಯರು

ನಮ್ಮ ಹೈದರಾಬಾದಿನ ಅನೇಕ ಮನೆಗಳಲ್ಲಿ ಬಿದರಿಯ ಹೂದಾನಿಯನ್ನು ನೀವು ಕಂಡಿರುವಿರಿ. ಅದರ ಕರಿಯ ಮೈಮೇಲೆ ಹಬ್ಬಿದ ಬೆಳ್ಳಿಯ ಬಳ್ಳಿಯನ್ನು ಎಲ್ಲರೂ ಮೆಚ್ಚುವರು. ಆ ಮೈ ಹೇಗೆ ಹುಟ್ಟಿತೆಂದು ಕೇಳುವವರು ವಿರಳ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ, ಕರಗಿಸಿ, ಮಣ್ಣಿನ ಅಚ್ಚಿನೊಳಗೆ ಹೊಯ್ದಾಗ ಆ ಹೂದಾನಿ ರೂಪು ತಳೆಯುತ್ತದೆ. ಇದಕ್ಕೆ ಎರಕವೆಂದು ಹೆಸರು. ಒಂದು ಕಾಲದಲ್ಲಿ ಕಾಚಿಗುಡ ನಿಲ್ದಾಣದಲ್ಲಿ ಹೊಗೆಯುಗುಳುತ್ತ ನಿಲ್ಲುತ್ತಿದ್ದ ಉಗಿಬಂಡಿಯ ಸಿಲಿಂಡರು ಕೂಡ ಎರಕದಿಂದಲೇ ಹುಟ್ಟಿದುದು.

ಆ ಉಗಿಬಂಡಿಯಾದರೂ ಮೊದಲು ಆಟಿಕೆಯಷ್ಟೇ ಚಿಕ್ಕದಾಗಿತ್ತು. 1784ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ವಿಲಿಯಂ ಮರ್ಡಾಕ್ ಎಂಬ ಯಂತ್ರಶಿಲ್ಪಿ ಸುಮಾರು ಒಂದು ಅಡಿ ಎತ್ತರದ ಮೂರು ಗಾಲಿಯ ಉಗಿಬಂಡಿಯನ್ನು ತನ್ನ ಬಿಡುವಿನ ವೇಳೆಯಲ್ಲಿ ಮಾಡಿ ಓಡಿಸಿದನು. ಇಪ್ಪತ್ತು ವರ್ಷಗಳ ಅನಂತರ, 1804ರಲ್ಲಿ, ರಿಚರ್ಡ್ ಟ್ರೆವಿಥಿಕ್ಕನ ಬಂಡಿ ವೇಲ್ಸಿನಲ್ಲಿ ಹಳಿಗಳ ಮೇಲೆ ಭಾರವನ್ನು ಎಳೆಯಿತು. ಚಿಕ್ಕದನ್ನು ಕೈಯಾರೆ ಮಾಡಿ ನೋಡುವ ಈ ಗೀಳು ಒಬ್ಬ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ದೂರದೇಶದ ನಿದರ್ಶನವೇ ಬೇಕಾಗಿಲ್ಲ. ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಾಳೇ ಸಾಕು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಆದರೆ ಹುಡುಗನಿಗೆ ಪುಸ್ತಕದ ಪಾಠ ರುಚಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ಕೆದಕಿ ನೋಡುವುದು, ಇವೆರಡೇ ಅವನ ಪ್ರೀತಿಯ ಕೆಲಸಗಳು. ಇಂಥ ಮಗ ಮುಂದೆ ಏನಾದಾನೆಂದು ಹಿರಿಯರು ಚಿಂತಿಸಿದುದು ಸಹಜವೇ. ಅಣ್ಣ ರಾಮಚಂದ್ರರಾಯರು ಮಾತ್ರ ತಮ್ಮನ ಒಲವನ್ನು ಅರಿತು ನೆರವಿಗೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ವಿಧಿ ಅಡ್ಡಬಂದಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಯಿತು. ಬಣ್ಣ ಕಾಣದವನು ಚಿತ್ರಕಾರನಾಗುವುದೆಂತು? ಬೇರೊಬ್ಬನಾಗಿದ್ದರೆ ಊರಿಗೆ ಮರಳುತ್ತಿದ್ದನು. ಲಕ್ಷ್ಮಣರಾಯರು ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು. ಅಲ್ಲಿಯ ಯಂತ್ರಗಳೇ ಅವರಿಗೆ ಗುರುಗಳಾದವು.

1888ರಲ್ಲಿ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದಿದ್ದರು. ತಮ್ಮನು ಮುಂಬಯಿಯಿಂದ ಸೈಕಲ್ಲುಗಳನ್ನು ಕೊಂಡು ಕಳುಹುವನು. ಅಣ್ಣನು ಊರಿನಲ್ಲಿ ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುವನು. ಹೀಗಿರಲು ವಿದ್ಯಾಲಯದಲ್ಲಿ ತಮಗೆ ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಮತ್ತೊಬ್ಬರ ಪಾಲಾಗಲು, ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಂಗಡಿಯ ಜೊತೆಗೆ ಚಿಕ್ಕದೊಂದು ಕಾರ್ಖಾನೆ ತಲೆಯೆತ್ತಿತು. ಮೊದಲು ದನಗಳ ಮೇವನ್ನು ಕತ್ತರಿಸುವ ಯಂತ್ರವನ್ನು ಮಾಡಿದರು. ಬಳಿಕ 1903ರಲ್ಲಿ ಕಬ್ಬಿಣದ ನೇಗಿಲು ಸಿದ್ಧವಾಯಿತು.

ಎರಕದ ಕೆಲಸವೆಂದರೆ ಏನೆಂಬುದನ್ನು ಇಲ್ಲಿ ತಿಳಿಯೋಣ. ಬೇಕಾದ ಭಾಗದ ಮಾದರಿಯನ್ನು ಮೊದಲು ಮರದಲ್ಲಿ ಕೆತ್ತಬೇಕು. ಲೋಹವು ತಣಿದಾಗ ಕುಗ್ಗುವುದರಿಂದ ಮಾದರಿಯು ಅಳತೆಗಿಂತ ಕೊಂಚ ದೊಡ್ಡದಿರಬೇಕು. ಅದನ್ನು ಎರಡು ಭಾಗಗಳುಳ್ಳ ಚೌಕಟ್ಟಿನಲ್ಲಿಟ್ಟು ಸುತ್ತಲೂ ಹದವಾದ ಮರಳನ್ನು ತುಂಬಿ ಗಟ್ಟಿಸಿ, ಮೆಲ್ಲನೆ ಮಾದರಿಯನ್ನು ಹೊರತೆಗೆದರೆ ಅದರ ಆಕಾರದ ಟೊಳ್ಳು ಉಳಿಯುತ್ತದೆ. ಕುಲುಮೆಯಲ್ಲಿ ಕರಗಿದ ಬೀಡುಕಬ್ಬಿಣವನ್ನು ಆ ಟೊಳ್ಳಿಗೆ ಹೊಯ್ಯುವರು. ಮರಳಿನಲ್ಲಿ ತೇವ ಹೆಚ್ಚಾದರೆ ನೀರು ಕ್ಷಣದಲ್ಲಿ ಉಗಿಯಾಗಿ, ಕುದಿಯುವ ಲೋಹವು ಸಿಡಿಯುವುದು. ಆದುದರಿಂದ ಬಲ್ಲವರು ಬಳಿಯಲ್ಲಿಲ್ಲದೆ ನೀವು ಇದಕ್ಕೆ ಕೈಹಾಕಬಾರದು. ಗಾಳಿಗೆ ದಾರಿ ಬಿಡದಿದ್ದರೆ ಎರಕದ ಮೈಯಲ್ಲಿ ರಂಧ್ರಗಳಾಗುವುವು. ಹೀಗೆ ಕೆಡಲು ನೂರು ದಾರಿಗಳುಂಟು. ಆದರೆ ಒಂದು ಸಮಾಧಾನವೂ ಉಂಟು: ಕೆಟ್ಟ ಎರಕವನ್ನು ಒಡೆದು ಮತ್ತೆ ಕುಲುಮೆಗೆ ಹಾಕಬಹುದು. ಕಬ್ಬಿಣವು ನಮ್ಮ ತಪ್ಪನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಕಬ್ಬಿಣವು ಒಲಿದರೂ ರೈತರು ಒಲಿಯಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರಿ ಬೆಳೆ ಬಾರದೆಂದು ಅವರು ಭಯಪಟ್ಟರು. ತಲೆಮಾರುಗಳಿಂದ ಮರದ ನೇಗಿಲನ್ನೇ ನಂಬಿದ್ದವರ ಅಂಜಿಕೆಯನ್ನು ನಾವು ಹಗುರವಾಗಿ ನಗಬಾರದು. ಒಂದು ಬೆಳೆ ಹೋದರೆ ಅವರ ಮನೆಯ ಒಲೆಯೇ ಆರುತ್ತಿತ್ತು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷಗಳೇ ಹಿಡಿದವು. ಲಕ್ಷ್ಮಣರಾಯರು ರೈತರೊಡನೆ ವಾದಕ್ಕೆ ನಿಲ್ಲಲಿಲ್ಲ, ಕಾದರು. ಕಬ್ಬಿಣದ ನೇಗಿಲು ಆಳವಾಗಿ ಉಳುವುದನ್ನು ನೆಲವೇ ಕ್ರಮೇಣ ರೈತರಿಗೆ ತೋರಿಸಿಕೊಟ್ಟಿತು.

ಕೆಲಸ ಕುದುರುವ ಹೊತ್ತಿಗೆ ಮತ್ತೊಂದು ಆಪತ್ತು ಒದಗಿತು. ಊರು ಬೆಳೆಸುವ ಸಲುವಾಗಿ ಬೆಳಗಾವಿಯ ಪುರಸಭೆಯು ಕಾರ್ಖಾನೆಯ ಜಾಗವನ್ನು ಬಿಡಹೇಳಿತು. ಯಂತ್ರಗಳನ್ನು ಎಲ್ಲಿಗೆ ಒಯ್ಯುವುದು? ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. ಅದು ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬಂಜರು. 1910ರಲ್ಲಿ ಕೆಲವೇ ಕುಟುಂಬಗಳೊಡನೆ ಲಕ್ಷ್ಮಣರಾಯರು ಅಲ್ಲಿಗೆ ಹೋಗಿ ಕಳ್ಳಿಯನ್ನು ಕಡಿದು ಕಾರ್ಖಾನೆಯನ್ನೂ ಮನೆಗಳನ್ನೂ ಕಟ್ಟಿದರು. ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಅದೇ. ಮನುಷ್ಯರನ್ನು ಆರಿಸುವಾಗಲೂ ಅವರು ಪದವಿಯನ್ನು ಕೇಳಲಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಅಲ್ಲಿ ವ್ಯವಸ್ಥಾಪಕರಾದರು. ಸೆರೆಮನೆಯನ್ನು ಕಂಡುಬಂದವರು ಕಾವಲುಗಾರರಾಗಿ ನಂಬಿಕೆಯನ್ನು ಉಳಿಸಿಕೊಂಡರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ದೊರಕುವುದು ಕಷ್ಟವಾಯಿತು. ಆಗ ಕೊಲ್ಲಾಪುರ ಸಂಸ್ಥಾನದ ಹಳೆಯ ಫಿರಂಗಿಗಳು ಅವರ ಕುಲುಮೆಗೆ ಬಂದವು. ಲೋಕವೆಲ್ಲ ಕಬ್ಬಿಣದಿಂದ ಫಿರಂಗಿಗಳನ್ನು ಮಾಡುತ್ತಿದ್ದಾಗ, ಇಲ್ಲಿ ಫಿರಂಗಿಗಳು ಕರಗಿ ನೇಗಿಲುಗಳಾದವು.

ಮುಂದೆ ಅಲ್ಲಿ ನೀರೆತ್ತುವ ಪಂಪುಗಳು ತಯಾರಾದವು. ತಾವು ಪದವಿಯನ್ನು ಪಡೆಯದ ಲಕ್ಷ್ಮಣರಾಯರು ಮಗ ಶಂತನುರಾಯರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಕಳುಹಿಸಿ ಓದಿಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಗಿ, ಯಂತ್ರಗಳನ್ನು ತಯಾರಿಸುವ ಯಂತ್ರಗಳು ಕನ್ನಡ ನಾಡಿನಲ್ಲಿ ಹುಟ್ಟಿದವು. ಆ ಕಾರ್ಖಾನೆ ಈಗ ಮುಚ್ಚಿದ್ದರೂ ಅಲ್ಲಿ ಕೆಲಸ ಕಲಿತ ಕೈಗಳು ಅನೇಕ ಊರುಗಳಲ್ಲಿ ಅನ್ನ ದುಡಿದಿವೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತ ಸರ್ಕಾರವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಈ ಚರಿತ್ರೆಯನ್ನು ಬರೆಯಲು ನನಗೊಂದು ಕಾರಣವಿದೆ. ಕಳೆದ ವರ್ಷ ನಾನು ವ್ಯಾಕರಣದ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬನು ಮೇಜಿನ ಕೆಳಗೆ ಡಬ್ಬಿಯ ತಗಡಿನಿಂದ ರೈಲುಬಂಡಿಯ ಗಾಲಿಗಳನ್ನು ಕತ್ತರಿಸುತ್ತಿದ್ದನು. ನಾನು ಸಿಟ್ಟಿನಿಂದ ಅವುಗಳನ್ನು ಕಸಿದು ನನ್ನ ಮೇಜಿನ ಖಾನೆಯಲ್ಲಿ ಹಾಕಿದೆ. ಸಂಜೆ ತೆಗೆದು ನೋಡಿದರೆ ನಾಲ್ಕು ಗಾಲಿಗಳೂ ಒಂದೇ ಅಳತೆಯವು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮರುದಿನ ಅವನನ್ನು ಕರೆದು ಅವನ್ನು ಹಿಂದಿರುಗಿಸಿದೆನು. ವ್ಯಾಕರಣದ ಹೊತ್ತಿಗೆ ವ್ಯಾಕರಣವನ್ನೇ ಓದಬೇಕೆಂದು ಹೇಳಿದೆನು; ಬಂಡಿ ಮುಗಿದ ದಿನ ನನಗೆ ತೋರಿಸಬೇಕೆಂದೂ ಹೇಳಿದೆನು.

ಆ ಬಂಡಿ ಇನ್ನೂ ಮುಗಿದಿಲ್ಲ. ಎರಡು ಸಲ ಕೆಟ್ಟಿತಂತೆ. ಮೂರನೆಯ ಸಲ ಮಾಡುತ್ತಿದ್ದಾನೆ.